ತನಗಾಗದ ಕಾಲು: ಅಮಿತ್ ಗೋಫರ್ ಮತ್ತು ರೀವಾಕ್ ಯಂತ್ರದ ಪ್ರಕರಣ

2014ರ ಜೂನ್ ಕೊನೆಯಲ್ಲಿ ಅಮೆರಿಕದ ಎಫ್‌ಡಿಎ ಒಂದು ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಹೊಸ ಔಷಧವಾಗಲಿ, ಇಂಥ ವೈದ್ಯಕೀಯ ಸಾಧನವಾಗಲಿ, ಮಾರಾಟಕ್ಕೆ ಬರಬೇಕಾದರೆ ಈ ಇಲಾಖೆ ಹೂಂ ಅನ್ನಬೇಕು. ಕಾಲುಗಳ ಸ್ವಾಧೀನ ತಪ್ಪಿದವರು ಆ ಯಂತ್ರವನ್ನು ತೊಟ್ಟರೆ ಎದ್ದು ನಿಲ್ಲಬಹುದು, ನಡೆಯಬಹುದು. ಆಸ್ಪತ್ರೆಯಲ್ಲಿ ಮಾತ್ರವಲ್ಲ, ಮನೆಗೆ ಒಯ್ದು ಬಳಸಬಹುದು. ಮನೆ ಬಳಕೆಗೆ ಅಲ್ಲಿ ಒಪ್ಪಿಗೆ ಪಡೆದ ಇಂಥ ಮೊದಲ ಯಂತ್ರ ಅದೇ. ಹೆಸರು ರೀವಾಕ್.

ಅದನ್ನು ಕಂಡುಹಿಡಿದವರು ಇಸ್ರೇಲಿನ ಎಂಜಿನಿಯರ್ ಅಮಿತ್ ಗೋಫರ್. ಆ ಹೊತ್ತಿಗೆ ಅವರು ಗಾಲಿಕುರ್ಚಿ ಹಿಡಿದು 17 ವರ್ಷವಾಗಿತ್ತು. ಒಪ್ಪಿಗೆ ಸಿಕ್ಕ ಮೇಲೂ ಅವರು ಗಾಲಿಕುರ್ಚಿಯಲ್ಲೇ ಉಳಿದರು. ಅವರು ಕಟ್ಟಿದ ಯಂತ್ರ ಅವರಿಗೇ ಆಗುತ್ತಿರಲಿಲ್ಲ.

ಪತ್ರಿಕೆಗಳಿಗೆ ಇದು ಚೆಂದದ ಒಂದು ಸಾಲು. ಎಲ್ಲರೂ ಬರೆದರು, ಮುಂದೆ ಹೋದರು. ನನಗೆ ಮಾತ್ರ ಇಡೀ ಪ್ರಕರಣದ ಬೀಗದ ಕೈ ಅಲ್ಲೇ ಇದೆ ಅನಿಸುತ್ತದೆ. ಯಾಕೆ ಆಗುತ್ತಿರಲಿಲ್ಲ ಎಂದು ಕೇಳುತ್ತಾ ಹೋದರೆ, ಇಂಥ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾರನ್ನು ಎಬ್ಬಿಸುತ್ತದೆ, ಯಾರನ್ನು ಕೂತಲ್ಲೇ ಬಿಡುತ್ತದೆ ಅನ್ನುವುದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ.

ಕುತ್ತಿಗೆಯಲ್ಲಿ ಒಡೆದ ಕಾಲುವೆ

1997ರಲ್ಲಿ ಗೋಫರ್ ಮಕ್ಕಳ ಜೊತೆ ಸುತ್ತಾಡಲು ಹೋಗಿದ್ದರು. ಓಡಿಸುತ್ತಿದ್ದದ್ದು ಎಟಿವಿ. ಅಂದರೆ ಕಾಡುಮೇಡಿನಲ್ಲಿ ಓಡಿಸುವ, ದಪ್ಪ ಗಾಲಿಯ, ಮೇಲೆ ಮುಚ್ಚಿಗೆ ಇಲ್ಲದ ಗಾಡಿ. ಬ್ರೇಕ್ ಕೈಕೊಟ್ಟಿತು. ಗಾಡಿ ಮರಕ್ಕೆ ಗುದ್ದಿತು. ಅವರ ಕುತ್ತಿಗೆ ಮುರಿಯಿತು.

ಅದಕ್ಕೂ ಮೊದಲೇ ಅವರು ವೈದ್ಯಕೀಯ ಯಂತ್ರಗಳ ಲೋಕದಲ್ಲಿ ಹೆಸರು ಮಾಡಿದ್ದವರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ್ದರು, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿದ್ದರು. ಆಪರೇಷನ್ ಕೋಣೆಯೊಳಗೇ ಇಟ್ಟುಕೊಂಡು ಬಳಸುವಂಥ ಎಂಆರ್‌ಐ ಯಂತ್ರದ ಕಂಪನಿ ಕಟ್ಟಿದ್ದರು. ಹಾಗಾಗಿ ರೋಗಿಯಾಗಿ ಮಲಗಿದಾಗಲೂ ಅವರು ನೋಡಿದ್ದು ಎಂಜಿನಿಯರನ ಕಣ್ಣಲ್ಲೇ.

ಬೆನ್ನುಹುರಿ ಅಂದರೆ ಮಿದುಳಿಂದ ಕೆಳಗೆ ಹರಿಯುವ ಕಾಲುವೆ ಇದ್ದಂತೆ. ಅದು ಎಲ್ಲಿ ಒಡೆಯಿತೋ ಅಲ್ಲಿಂದ ಮೇಲಿನ ಗದ್ದೆಗಳಿಗೆ ನೀರು ಬರುತ್ತದೆ, ಕೆಳಗಿನವಕ್ಕೆ ಇಲ್ಲ. ಸೊಂಟದ ಹತ್ತಿರ ಪೆಟ್ಟಾದರೆ ಕಾಲು ಹೋಗುತ್ತದೆ, ಕೈಗೆ ಏನೂ ಆಗುವುದಿಲ್ಲ. ಎದೆಯ ಮಟ್ಟದಲ್ಲಾದರೆ ಕಾಲಿನ ಜೊತೆ ಹೊಟ್ಟೆ ಬೆನ್ನಿನ ಹಿಡಿತವೂ ಹೋಗುತ್ತದೆ. ನೆಟ್ಟಗೆ ಕೂರುವುದೇ ಕಷ್ಟ. ಕುತ್ತಿಗೆಯಲ್ಲಾದರೆ ಕೈಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಭುಜ ಸ್ವಲ್ಪ ಆಡಬಹುದು, ಮೊಣಕೈ ಮಡಚಬಹುದು, ಬೆರಳು ಮಾತ್ರ ಮಾತು ಕೇಳುವುದಿಲ್ಲ. ಒಂದೆರಡು ಅಂಗುಲ ಮೇಲೆ ಕೆಳಗೆ ಆದರೂ ಬದುಕೇ ಬೇರೆ. ಒಬ್ಬರು ತಾವೇ ಊಟ ಮಾಡುತ್ತಾರೆ, ಇನ್ನೊಬ್ಬರಿಗೆ ತುತ್ತು ಕೊಡಬೇಕು.

ಗೋಫರ್‌ಗೆ ಪೆಟ್ಟಾದದ್ದು ಕುತ್ತಿಗೆಯಲ್ಲಿ. ನಾಲ್ಕೂ ಕೈಕಾಲುಗಳಿಗೆ ಅದರ ಏಟು ತಟ್ಟಿತು.

ಆಸ್ಪತ್ರೆಯಿಂದ ಹೊರಬಂದಾಗ ಅವರಿಗೆ ಗಾಲಿಕುರ್ಚಿ ಕೊಟ್ಟರು. ಇಲ್ಲಿ ಅವರಿಗೆ ಒಂದು ಪ್ರಶ್ನೆ ಹುಟ್ಟಿತು. ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಅವರು ಅದನ್ನು ಹೇಳಿಕೊಂಡಿದ್ದಾರೆ. ಗಾಲಿಕುರ್ಚಿ ನೂರಾರು ವರ್ಷ ಹಳೆಯ ವಸ್ತು. ನಡೆಯಲಾಗದವರಿಗೆ ಇಷ್ಟು ಕಾಲವಾದರೂ ಇದೊಂದೇ ದಾರಿ ಯಾಕೆ? ಮೋಟಾರು ಇದೆ, ಬ್ಯಾಟರಿ ಇದೆ, ಸೆನ್ಸರ್ ಇದೆ, ಕಂಪ್ಯೂಟರ್ ಇದೆ. ಇವನ್ನೆಲ್ಲ ಕಾಲಿಗೆ ಕಟ್ಟಿದರೆ ಏನಾಗುತ್ತದೆ?

2001ರಲ್ಲಿ ಅವರು ಆರ್ಗೋ ಮೆಡಿಕಲ್ ಟೆಕ್ನಾಲಜೀಸ್ ಎಂಬ ಕಂಪನಿ ಶುರು ಮಾಡಿದರು. ಉತ್ತರ ಇಸ್ರೇಲಿನ ಯೊಕ್ನೆಆಮ್ ಅದರ ನೆಲೆಯಾಯಿತು. ಮುಂದೆ ಇದೇ ಕಂಪನಿ ತನ್ನ ಯಂತ್ರದ ಹೆಸರನ್ನೇ ಇಟ್ಟುಕೊಂಡು ರೀವಾಕ್ ರೊಬೊಟಿಕ್ಸ್ ಆಯಿತು.

ಮೈಮೇಲೆ ತೊಡುವ ಎಲುಬುಗೂಡು

ಇಂಥ ಯಂತ್ರಕ್ಕೆ ಎಕ್ಸೋಸ್ಕೆಲಿಟನ್ ಅನ್ನುತ್ತಾರೆ. ನಮ್ಮ ಎಲುಬು ಮಾಂಸದ ಒಳಗಿದೆ. ಏಡಿಗೆ ಅದು ಹೊರಗೆ, ಚಿಪ್ಪಾಗಿ. ಮನುಷ್ಯನಿಗೂ ಹಾಗೆ ಹೊರಗಿನಿಂದ ಒಂದು ಎಲುಬುಗೂಡು ತೊಡಿಸುವುದು ಇಲ್ಲಿನ ಉಪಾಯ.

2014ರಲ್ಲಿ ಒಪ್ಪಿಗೆ ಪಡೆದ ಆ ರೀವಾಕ್ ತೊಡುವುದು ಹೇಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ. ವಿಡಿಯೋಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಕತ್ತರಿಸಿಬಿಡುತ್ತಾರೆ.

ಯಂತ್ರವನ್ನು ಒಂದು ಕುರ್ಚಿಯ ಮೇಲೆ ಮೊದಲೇ ಕೂರಿಸಿಟ್ಟಿರುತ್ತಾರೆ. ಬಳಸುವವರು ಗಾಲಿಕುರ್ಚಿಯಿಂದ ಕೈ ಊರಿ ಸರಿದು ಅದರೊಳಗೆ ಕೂರಬೇಕು. ಪಾದವನ್ನು ಯಂತ್ರದ ಪಾದದ ಪಟ್ಟಿಯ ಜೊತೆ ಬೂಟಿನೊಳಗೆ ಸೇರಿಸಬೇಕು. ಮೊಣಕಾಲ ಕೆಳಗೆ, ತೊಡೆಗೆ, ಸೊಂಟಕ್ಕೆ ಬೆಲ್ಟು ಬಿಗಿಯಬೇಕು. ಇಲ್ಲಿ ಅವಸರ ಮಾಡುವಂತಿಲ್ಲ. ಕಾಲಿಗೆ ಸ್ಪರ್ಶ ಗೊತ್ತಾಗುವುದಿಲ್ಲ ಅಲ್ವಾ? ಪ್ಯಾಂಟಿನ ಒಂದು ಮಡಿಕೆ ಬೆಲ್ಟಿನ ಕೆಳಗೆ ಸಿಕ್ಕಿಕೊಂಡರೂ ನೋವಾಗುವುದಿಲ್ಲ. ಸಂಜೆ ಬಿಚ್ಚಿದಾಗ ಚರ್ಮ ಕೆಂಪಗಾಗಿರುತ್ತದೆ. ನೋಡದೆ ಬಿಟ್ಟರೆ ಅದು ಹುಣ್ಣಾಗುತ್ತದೆ. ಬೆನ್ನುಹುರಿ ಪೆಟ್ಟಾದವರ ಮನೆಯವರಿಗೆ ಈ ಹುಣ್ಣಿನ ಭಯ ಚೆನ್ನಾಗಿ ಗೊತ್ತು.

ಇಷ್ಟಾದ ಮೇಲೆ ಬೆನ್ನಿಗೆ ಒಂದು ಚೀಲ. ಅದರಲ್ಲಿ ಕಂಪ್ಯೂಟರ್ ಮತ್ತು ಬ್ಯಾಟರಿ. ಮಣಿಕಟ್ಟಿಗೆ ವಾಚಿನಂಥ ಒಂದು ರಿಮೋಟ್. ಎರಡೂ ಕೈಗೆ ಊರುಗೋಲು. ವಾಚಿನಲ್ಲಿ "ಏಳು" ಒತ್ತಿ, ಊರುಗೋಲನ್ನು ಹಿಂದೆ ಊರಿ ಮುಂದೆ ಬಾಗಿದರೆ ಸೊಂಟ ಮತ್ತು ಮಂಡಿಯ ಮೋಟಾರುಗಳು ಮೈಯನ್ನು ಮೇಲೆತ್ತುತ್ತವೆ.

ನಿಂತ ಮೇಲೆ "ನಡೆ" ಒತ್ತಬೇಕು. ಅಷ್ಟಕ್ಕೇ ಕಾಲು ಏಳುವುದಿಲ್ಲ. ಮೈಭಾರವನ್ನು ಒಂದು ಬದಿಗೆ ಹಾಕಿ, ಎದೆಯನ್ನು ತುಸು ಮುಂದಕ್ಕೆ ಬಾಗಿಸಬೇಕು. ಎಷ್ಟು ಬಾಗಿದೆ ಎಂದು ಒಂದು ಸೆನ್ಸರ್ ಅಳೆಯುತ್ತದೆ. ಇಷ್ಟು ಬಾಗಿದರೆ ಹೆಜ್ಜೆ ಇಡುವ ಮನಸ್ಸಿದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಆಗ ಭಾರ ಇಲ್ಲದ ಬದಿಯ ಸೊಂಟ, ಮಂಡಿ ಮಡಚಿ ಕಾಲು ಮುಂದೆ ಬರುತ್ತದೆ. ಮತ್ತೆ ಭಾರ ಈ ಕಡೆ, ಮತ್ತೆ ಬಾಗು, ಇನ್ನೊಂದು ಕಾಲು. ಬಾಗುವುದನ್ನು ನಿಲ್ಲಿಸಿದರೆ ಯಂತ್ರವೂ ನಿಲ್ಲುತ್ತದೆ. ಮೋಟಾರಿನ ಗುಂಯ್ ಸದ್ದು, ಊರುಗೋಲಿನ ಟಕ್ ಸದ್ದು, ಇದೇ ಅದರ ತಾಳ. ತಾಳ ತಪ್ಪಿದರೆ ಹೆಜ್ಜೆ ತಪ್ಪುತ್ತದೆ. ಇದನ್ನು ಕಲಿಯಲು ತರಬೇತುದಾರರ ಜೊತೆ ವಾರಗಟ್ಟಲೆ ಬೇಕು.

ಮಿದುಳಿನ ಯೋಚನೆ ಓದಿ ಕಾಲು ಆಡಿಸುವ ಯಂತ್ರ ಇದು ಎಂದು ಕೆಲವರು ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಬಾಗುವುದನ್ನು ಓದುತ್ತದೆ, ಅಷ್ಟೇ. ಒಡೆದ ಕಾಲುವೆಯನ್ನು ಅದು ಸರಿಮಾಡುವುದೂ ಇಲ್ಲ. ಯಂತ್ರ ಬಿಚ್ಚಿಟ್ಟರೆ ಕಾಲು ಹಿಂದೆ ಹೇಗಿತ್ತೋ ಹಾಗೆ. ಸುಮಾರು 23 ಕಿಲೋ ತೂಕ ಎಂದು ಕೇಳಿದರೆ ಗಾಬರಿಯಾಗಬಹುದು. ಆದರೆ ಎದ್ದು ನಿಂತ ಮೇಲೆ ಯಂತ್ರ ತನ್ನ ಭಾರವನ್ನು ತಾನೇ ನೆಲಕ್ಕೆ ಇಳಿಸುತ್ತದೆ. ಅದು ತೊಟ್ಟವರ ಮೇಲೆ ಬೀಳುವುದಿಲ್ಲ.

ಈಗ ಮುಖ್ಯ ವಿಷಯ. ಈ ಯಂತ್ರ ಬೀಳದಂತೆ ಹಿಡಿದಿಟ್ಟುಕೊಳ್ಳುವವರು ಯಾರು? ಯಂತ್ರ ಅಲ್ಲ, ಮನುಷ್ಯ. ಮೋಟಾರು ಕಾಲನ್ನು ಎತ್ತುತ್ತದೆ, ಇಡುತ್ತದೆ. ಆದರೆ ಆ ಹೊತ್ತಿನಲ್ಲಿ ಇಡೀ ಮೈಯ ಸಮತೋಲ ಕಾಯುವುದು ಎರಡು ಊರುಗೋಲು, ಅವನ್ನು ಹಿಡಿದ ಎರಡು ಕೈ, ಆ ಕೈಗಳ ಹಿಂದಿನ ಭುಜ. ಕಾಲು ನೆಲ ಮುಟ್ಟಿತೋ ಇಲ್ಲವೋ ಎಂದು ಪಾದ ಹೇಳುವುದಿಲ್ಲ. ಕಣ್ಣಿನಿಂದ, ಅಂಗೈಗೆ ಬರುವ ಅದುರಿನಿಂದ ತಿಳಿಯಬೇಕು.

ಕಾಲು ಇಲ್ಲದಿದ್ದರೂ ನಡೆಸುವ ಯಂತ್ರ, ಆದರೆ ಕೈ ಇಲ್ಲದಿದ್ದರೆ ನಡೆಸದು. ಗೋಫರ್‌ಗೆ ಅದು ಆಗದೆ ಹೋದದ್ದು ಇದಕ್ಕೇ.

ಯಾರು ಒಳಗೆ, ಯಾರು ಹೊರಗೆ

ತನಗೆ ಬೇಕಾದ್ದನ್ನು ಬಿಟ್ಟು ಬೇರೆಯವರಿಗೆ ಆಗುವುದನ್ನು ಯಾಕೆ ಕಟ್ಟಿದರು? ಎಂಜಿನಿಯರಿಂಗ್ ಕಡೆಯಿಂದ ನೋಡಿದರೆ ಉತ್ತರ ಸರಳ. ಎರಡು ಕಾಲ ಮೇಲೆ ತಾನಾಗಿ ತೋಲ ಕಾಯುವ ಯಂತ್ರ ತುಂಬಾ ಕಷ್ಟ. ಆ ಕೆಲಸವನ್ನು ಮನುಷ್ಯನ ಕೈಗೆ ಬಿಟ್ಟರೆ ಯಂತ್ರ ಹಗುರವಾಗುತ್ತದೆ, ಮೋಟಾರು ಕಡಿಮೆ ಸಾಕು. ಪೂರ್ತಿ ಕೈಬಿಟ್ಟು ನಿಲ್ಲುವ ಯಂತ್ರಗಳೂ ಬಂದವು. ನ್ಯೂಜಿಲೆಂಡಿನ ರೆಕ್ಸ್‌ಗೆ ಊರುಗೋಲು ಬೇಡ, ಜಾಯ್‌ಸ್ಟಿಕ್ ಸಾಕು. ಆದರೆ ಅದು ದಪ್ಪ, ಭಾರ, ಬಲು ನಿಧಾನ. ಏನನ್ನೋ ಗಳಿಸಲು ಏನನ್ನೋ ಬಿಡಬೇಕು. ಗೋಫರ್ ಬಿಟ್ಟದ್ದು ತಮ್ಮನ್ನೇ.

ಬಿಟ್ಟದ್ದು ಅವರೊಬ್ಬರನ್ನೇ ಅಲ್ಲ. ಮನೆಯಲ್ಲಿ ಬಳಸಲು ಎಫ್‌ಡಿಎ ಕೊಟ್ಟ ಒಪ್ಪಿಗೆ ಎದೆಭಾಗದ 12 ಬೆನ್ನುಮೂಳೆಗಳಲ್ಲಿ ಏಳನೆಯದರಿಂದ ಕೆಳಗೆ ಪೆಟ್ಟಾದವರಿಗೆ ಮಾತ್ರ. ನಾಲ್ಕರಿಂದ ಆರರ ನಡುವೆ ಆದವರು ಪುನಶ್ಚೇತನ ಕೇಂದ್ರದೊಳಗೆ ಬಳಸಬಹುದು. ಅದಕ್ಕೂ ಮೇಲಿನವರಿಗೆ ಇಲ್ಲ. ಕೈ, ಭುಜ ಗಟ್ಟಿ ಇರಬೇಕು. ಮೂಳೆ ಗಟ್ಟಿ ಇರಬೇಕು. ಇದು ಸಣ್ಣ ಷರತ್ತಲ್ಲ, ಯಾಕೆಂದರೆ ವರ್ಷಗಟ್ಟಲೆ ಭಾರ ಹೊರದ ಕಾಲಿನ ಮೂಳೆ ಟೊಳ್ಳಾಗುತ್ತಾ ಬರುತ್ತದೆ. ಹಾಗಾದವರನ್ನು ಒಮ್ಮೆಲೇ ಎಬ್ಬಿಸಿ ನಿಲ್ಲಿಸಿದರೆ ಮೂಳೆ ಮುರಿಯಬಹುದು. ಮಂಡಿ, ಕಣಕಾಲು ಮಡಚಿಕೊಂಡು ಬಿಗಿದುಹೋಗಿರಬಾರದು. ತೂಕ 100 ಕಿಲೋ ದಾಟಬಾರದು. ಎತ್ತರ 160ರಿಂದ 190 ಸೆಂಟಿಮೀಟರ್ ಒಳಗೆ ಇರಬೇಕು.

ಕೊನೆಯ ಷರತ್ತನ್ನು ಓದಿ ನಾನು ಒಂದು ಕ್ಷಣ ನಿಂತೆ. 160 ಸೆಂಟಿಮೀಟರ್ ಅಂದರೆ ಐದು ಅಡಿ ಮೂರು ಇಂಚು. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ ಸುಮಾರು ಐದು ಅಡಿ. ಅರ್ಧಕ್ಕಿಂತ ಜಾಸ್ತಿ ಮಂದಿ ಬಾಗಿಲಲ್ಲೇ ಹೊರಗೆ ಉಳಿದರು. ಯಾರೂ ಬೇಕೆಂದು ಮಾಡಿದ್ದಲ್ಲ. ಯಂತ್ರ ಕಟ್ಟಿದವರ ಕಣ್ಣ ಮುಂದೆ ಇದ್ದ ಮೈಗಳ ಅಳತೆ ಅದು.

ಲಂಡನ್ನಿನ ರಸ್ತೆ

ಎಫ್‌ಡಿಎ ಒಪ್ಪಿಗೆಗೆ ಎರಡು ವರ್ಷ ಮೊದಲೇ ಜಗತ್ತಿಗೆ ರೀವಾಕ್ ಪರಿಚಯವಾಗಿತ್ತು. ಮಾಡಿಸಿದವರು ಕ್ಲೇರ್ ಲೋಮಸ್. ಇಂಗ್ಲೆಂಡಿನ ಕುದುರೆ ಸವಾರಿ ಸ್ಪರ್ಧಿ. 2007ರಲ್ಲಿ ಕುದುರೆಯಿಂದ ಬಿದ್ದು ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. 2012ರ ಏಪ್ರಿಲ್ 22ರಂದು ಬೇರೆ ಸಾವಿರಾರು ಓಟಗಾರರ ಜೊತೆ ಲಂಡನ್ ಮ್ಯಾರಥಾನ್ ಶುರು ಮಾಡಿದರು. ಮೈಮೇಲೆ ರೀವಾಕ್. ಅದರ ಬೆಲೆ 43 ಸಾವಿರ ಪೌಂಡ್, ಆಗಿನ ಲೆಕ್ಕದಲ್ಲಿ ಮೂವತ್ತೈದು ಲಕ್ಷ ರೂಪಾಯಿ ಮೇಲೆ.

ಮ್ಯಾರಥಾನ್ ಅಂದರೆ 42 ಕಿಲೋಮೀಟರ್ ಚಿಲ್ಲರೆ. ಅವರು ದಿನಕ್ಕೆ ಎರಡು ಮೈಲಿಯಷ್ಟು ನಡೆದು ಮೇ 8ರಂದು ಮುಗಿಸಿದರು. ಬೆನ್ನುಹುರಿ ಸಂಶೋಧನೆಗೆ ಹಣ ಕೂಡಿಸುವುದು ಉದ್ದೇಶವಾಗಿತ್ತು, ಲಕ್ಷಗಟ್ಟಲೆ ಪೌಂಡ್ ಕೂಡಿತು. ಆಯೋಜಕರು ಪದಕ ಕೊಡಲಿಲ್ಲ, ಅದೇ ದಿನ ಮುಗಿಸಿದವರಿಗಷ್ಟೇ ಪದಕ ಎಂಬ ನಿಯಮ ಇತ್ತು. ಸುದ್ದಿ ಕೇಳಿ ಬೇರೆ ಓಟಗಾರರು ತಮ್ಮ ಪದಕಗಳನ್ನೇ ಅವರಿಗೆ ಕೊಟ್ಟರು.

ಆ ಫೋಟೋಗಳನ್ನು ನೋಡುವಾಗ ನನ್ನ ಕಣ್ಣು ಹೋಗುವುದು ಅವರ ಬೆನ್ನ ಹಿಂದಕ್ಕೆ. ಅಲ್ಲಿ ಅವರ ಗಂಡ ಇದ್ದಾರೆ. ಎಡವಿದರೆ ಹಿಡಿಯಲು ಅಷ್ಟೂ ದಾರಿ ಹಿಂದೆಯೇ ನಡೆದವರು.

ಲೋಮಸ್ ಆ ಯಂತ್ರಕ್ಕೆ ಅಂಟಿ ಕೂರಲಿಲ್ಲ. ತಮಗೆ ಹೊಂದುವ ಸೈಕಲ್ ಓಡಿಸಿದರು. ಮೋಟಾರ್ ಸೈಕಲ್ ಓಡಿಸಿದರು, ಪ್ಯಾರಾಗ್ಲೈಡಿಂಗ್ ಕಲಿತರು. 2024ರಲ್ಲಿ ಪ್ಯಾರಾಗ್ಲೈಡಿಂಗ್ ಅಪಘಾತದಲ್ಲೇ ತೀರಿಕೊಂಡರು.

ಹಿಂದೆ ಒಬ್ಬರು

ಎಫ್‌ಡಿಎ ಒಪ್ಪಿಗೆಯಲ್ಲಿ ಒಂದು ಮಾತಿದೆ. ಮನೆಯಲ್ಲಿ, ಹೊರಗೆ, ಎಲ್ಲೇ ಬಳಸುವಾಗಲೂ ತರಬೇತಿ ಪಡೆದ ಒಬ್ಬರು ಜೊತೆಗಿರಬೇಕು. ಕಂಪನಿ ಕೊಟ್ಟ ಪರೀಕ್ಷೆಯ ಮಾಹಿತಿಯಲ್ಲಿ ಮುಖ್ಯವಾಗಿ 30 ಮಂದಿ ಇದ್ದರು. ಅವರು ಎಷ್ಟು ದೂರ ನಡೆದರು, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಹಾಯ ಬೇಕಾಯಿತು ಎಂದು ನೋಡಿ, ಬೀಳುವ ಅಪಾಯ, ಚರ್ಮದ ಹುಣ್ಣು, ರಕ್ತದೊತ್ತಡ ಏರುವುದು ಇವನ್ನೆಲ್ಲ ತೂಗಿ ಹಾಕಿದ ಷರತ್ತು. ಷರತ್ತು ತಪ್ಪು ಎಂದು ನಾನು ಹೇಳಲಾರೆ. ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು ಬಿದ್ದವರು ತಾವಾಗಿ ಏಳಲಾರರು.

ಆದರೆ ಇದರ ಅರ್ಥ ಏನು ನೋಡಿ. ನಮ್ಮಲ್ಲಿ ಮಗ ಕೆಲಸಕ್ಕೆ ಸೇರಿದರೆ, ಮಗಳು ಅಂಗಡಿ ಇಟ್ಟರೆ, ಈಗ ತಮ್ಮ ಕಾಲ ಮೇಲೆ ತಾವು ನಿಂತರು ಅನ್ನುತ್ತೇವೆ. ಯಾರ ಹಂಗೂ ಇಲ್ಲದೆ ಬದುಕುವುದಕ್ಕೆ ನಮ್ಮ ಭಾಷೆಯಲ್ಲಿ ಇರುವ ಮಾತೇ ಅದು. ಗಾಲಿಕುರ್ಚಿಯಲ್ಲಿ ಬಲಗೈ ಎಡಗೈ ಗಟ್ಟಿ ಇರುವ ಒಬ್ಬ ವ್ಯಕ್ತಿ ಬೆಳಿಗ್ಗೆ ಎದ್ದು, ಕುರ್ಚಿಗೆ ಜರುಗಿ, ಕಾರಿಗೆ ಹತ್ತಿ, ಆಫೀಸಿಗೆ ಒಬ್ಬರೇ ಹೋಗಬಲ್ಲರು. ಅದೇ ವ್ಯಕ್ತಿ ರೀವಾಕ್ ತೊಟ್ಟರೆ ಕಾಲ ಮೇಲೆ ನಿಲ್ಲುತ್ತಾರೆ, ಆದರೆ ಹಿಂದೆ ಒಬ್ಬರು ಬೇಕು. ಕೂತಾಗ ಯಾರ ಹಂಗೂ ಇಲ್ಲ, ನಿಂತಾಗ ಇದೆ. ವೇಗವೂ ಅಷ್ಟೇ. ಆರಾಮಾಗಿ ನಡೆಯುವವರ ಅರ್ಧದಷ್ಟಿದ್ದರೆ ಹೆಚ್ಚು. ಗಾಲಿಕುರ್ಚಿ ಅದಕ್ಕಿಂತ ಬೇಗ ಮುಟ್ಟಿಸುತ್ತದೆ.

ಹಾಗಾದರೆ ಯಾಕೆ ಬೇಕು? ಬಳಸಿದವರು ಹೇಳುವ ಕಾರಣಗಳು ಬೇರೆ. ಎದುರಿಗಿರುವವರ ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು. ತಬ್ಬಿಕೊಳ್ಳುವಾಗ ಯಾರೂ ಬಗ್ಗಬೇಕಿಲ್ಲದಿರುವುದು. ಕೂತು ಕೂತು ಬರುವ ನೋವು ಇಳಿಯಿತು, ಹೊಟ್ಟೆ ಸರಿಯಾಗಿ ಹೋಗತೊಡಗಿತು ಎಂದು ಹೇಳಿದವರೂ ಇದ್ದಾರೆ. ಇವು ಸಣ್ಣ ಸಂಗತಿಗಳಲ್ಲ. ಮದುವೆ ಮನೆಯಲ್ಲಿ ಎಲ್ಲರ ಸೊಂಟದ ಮಟ್ಟದಲ್ಲಿ ಕೂತು, ಎಲ್ಲರೂ ತಲೆ ಮೇಲಿಂದ ಮಾತಾಡುವುದನ್ನು ಕೇಳಿಸಿಕೊಂಡವರಿಗೆ ಗೊತ್ತು.

ಹತ್ತು ವರ್ಷದ ಬಿಲ್ಲು

ಮಾರುಕಟ್ಟೆಗೆ ಬಂದಾಗ ಅಮೆರಿಕದಲ್ಲಿ ಬೆಲೆ ಸುಮಾರು 70 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ ನಲವತ್ತು ಲಕ್ಷ ರೂಪಾಯಿ ಮೇಲೆ. ಕೈಯಿಂದ ಕೊಡುವವರು ಎಷ್ಟು ಮಂದಿ? 2015ರ ಕೊನೆಯಲ್ಲಿ ಅಲ್ಲಿನ ಮಾಜಿ ಸೈನಿಕರ ಇಲಾಖೆ, ಅರ್ಹರಾದ ಮಾಜಿ ಸೈನಿಕರಿಗೆ ತಾನೇ ಕೊಡುತ್ತೇನೆ ಎಂದಿತು. ಹಿರಿಯರ ಮತ್ತು ಅಂಗವಿಕಲರ ಸರ್ಕಾರಿ ವಿಮೆ ಮೆಡಿಕೇರ್ ಮಾತ್ರ ವರ್ಷಗಟ್ಟಲೆ ಒಪ್ಪಲಿಲ್ಲ. ಇದನ್ನು ಯಾವ ಗುಂಪಿಗೆ ಸೇರಿಸುವುದು? ಗಾಲಿಕುರ್ಚಿಯೋ, ವ್ಯಾಯಾಮದ ಸಾಮಾನೋ, ಕಾಲಿಗೆ ಕಟ್ಟುವ ಪಟ್ಟಿಯೋ? ಕೊನೆಗೆ 2024ರಿಂದ ಇದನ್ನು "ಬ್ರೇಸ್" ಗುಂಪಿಗೆ ಸೇರಿಸಿದರು. ಪೋಲಿಯೋ ಆದವರು ಕಾಲಿಗೆ ಕಟ್ಟಿಕೊಳ್ಳುವ ಕ್ಯಾಲಿಪರ್ ಇದೆಯಲ್ಲ, ಅದರ ದೊಡ್ಡಣ್ಣ ಎಂದು ಒಪ್ಪಿದಂತೆ. ಪಾವತಿ ಸುಮಾರು 91 ಸಾವಿರ ಡಾಲರ್ ಎಂದು ಗೊತ್ತುಮಾಡಿದರು. ಯಂತ್ರಕ್ಕೆ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಅದನ್ನು ಯಾವ ಡಬ್ಬಕ್ಕೆ ಹಾಕುವುದು ಎಂದು ತೀರ್ಮಾನ ಆಗಲು ಹತ್ತು ವರ್ಷ.

ಅದೇ 2024ರಲ್ಲಿ ಕಂಪನಿ ಮತ್ತೆ ಹೆಸರು ಬದಲಿಸಿ ಲೈಫ್‌ವರ್ಡ್ ಆಯಿತು. ಅದೇ ವರ್ಷ ಇನ್ನೊಂದು ಘಟನೆ ಸುದ್ದಿಯಾಯಿತು.

ಅಮೆರಿಕದ ಒಬ್ಬ ಮಾಜಿ ಜಾಕಿ, ಅಂದರೆ ಕುದುರೆ ರೇಸಿನ ಸವಾರ. ರೇಸಿನಲ್ಲಿ ಬಿದ್ದು ಸ್ವಾಧೀನ ಕಳೆದುಕೊಂಡವರು. ಹತ್ತು ವರ್ಷದಿಂದ ಇದೇ ಯಂತ್ರ ತೊಟ್ಟು ನಡೆಯುತ್ತಿದ್ದರು. ಯಂತ್ರ ಎಣಿಸಿದ ಅವರ ಹೆಜ್ಜೆಗಳು 3,71,091. ಒಂದು ದಿನ ಮಣಿಕಟ್ಟಿನ ವಾಚ್ ಕೆಟ್ಟಿತು. ದೊಡ್ಡ ರಿಪೇರಿ ಏನಲ್ಲ, ಒಳಗಿನ ಸಣ್ಣ ಬ್ಯಾಟರಿಯ ಒಂದು ವೈರ್ ಕಳಚಿತ್ತು. ನಮ್ಮೂರಿನ ಮೊಬೈಲ್ ಅಂಗಡಿ ಹುಡುಗ ಬೆಸುಗೆ ಹಾಕಿ ಚಹಾ ಕುಡಿಯುವಷ್ಟರಲ್ಲಿ ಕೊಡುತ್ತಿದ್ದ. ಆದರೆ ಐದು ವರ್ಷ ದಾಟಿದ ಯಂತ್ರಗಳನ್ನು ನಾವು ರಿಪೇರಿ ಮಾಡುವುದಿಲ್ಲ ಎಂಬ ಉತ್ತರ ಕಂಪನಿಯಿಂದ ಬಂತು. ಮೋಟಾರು ಸರಿ ಇದೆ, ಕಾಲು ಸರಿ ಇದೆ, ದೊಡ್ಡ ಬ್ಯಾಟರಿ ಸರಿ ಇದೆ, ಮನುಷ್ಯ ಮಾತ್ರ ಎರಡು ತಿಂಗಳು ಕೂತಲ್ಲೇ. ಅವರು ಜಾಲತಾಣದಲ್ಲಿ ಬರೆದುಕೊಂಡರು, ಟಿವಿಯವರು ಬಂದರು, ಕುದುರೆ ರೇಸಿನ ಪತ್ರಿಕೆಗಳು ಬರೆದವು. ಆಮೇಲೆ ರಿಪೇರಿ ಆಯಿತು.

ಕಂಪನಿಯ ಕಡೆಯೂ ಒಂದು ವಾದ ಇದೆ. ವೈದ್ಯಕೀಯ ಯಂತ್ರಕ್ಕೆ ಇಂತಿಷ್ಟು ವರ್ಷ ಬಾಳಿಕೆ ಎಂದು ತೋರಿಸಿಯೇ ಒಪ್ಪಿಗೆ ಪಡೆದಿರುತ್ತಾರೆ. ಆ ಗಡುವು ದಾಟಿದ್ದನ್ನು ಮುಟ್ಟಿದರೆ ಅಪಘಾತದ ಹೊಣೆ ತಲೆ ಮೇಲೆ ಬರುತ್ತದೆ. ಒಪ್ಪೋಣ. ಆದರೆ ಅದು ಹಳೆಯ ಫೋನ್ ಅಲ್ಲ, ಅವರ ಪಾಲಿಗೆ ಅದು ಕಾಲು. ಕಾಲಿಗೆ ಐದು ವರ್ಷದ ಗಡುವು ಇದೆ ಎಂದು ಕೊಳ್ಳುವಾಗ ಯಾರ ಮನಸ್ಸಿನಲ್ಲಿ ಇರುತ್ತದೆ?

ಕೇಳಿದ್ದರೆ ಏನು ಹೇಳುತ್ತಿದ್ದರು

2024ರಲ್ಲೇ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಬೆನ್ನುಹುರಿ ಪೆಟ್ಟಾದ 161 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಗಾಲಿಕುರ್ಚಿಯ ಜೊತೆಗೆ ಎಕ್ಸೋಸ್ಕೆಲಿಟನ್ ಕೂಡ, ನಾಲ್ಕು ತಿಂಗಳು ಮನೆಯಲ್ಲಿ ಬಳಸಲು. ಇನ್ನೊಂದಕ್ಕೆ ಗಾಲಿಕುರ್ಚಿ ಮಾತ್ರ. ಮನಸ್ಸಿನ ಆರೋಗ್ಯ, ಮಲಮೂತ್ರದ ತೊಂದರೆ, ನೋವು ಇವುಗಳಲ್ಲಿ ಎರಡು ಗುಂಪಿಗೂ ಗಮನಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಕೊಟ್ಟ ಯಂತ್ರವನ್ನು ಅಂದುಕೊಂಡಷ್ಟು ಬಳಸಲೂ ಇಲ್ಲ. ಜೊತೆಗೆ ಒಬ್ಬರು ಇರಲೇಬೇಕು ಎಂಬ ಷರತ್ತು ಅದಕ್ಕೆ ಒಂದು ಕಾರಣ. ಹೆಂಡತಿ ಕೆಲಸಕ್ಕೆ ಹೋದರೆ ಯಂತ್ರ ಮೂಲೆಯಲ್ಲಿ ಕೂರುತ್ತದೆ, ಅಷ್ಟೇ.

ಯಂತ್ರ ಸೋತಿತು ಎಂದು ಇದನ್ನು ಓದಬಾರದು. ಸರಾಸರಿಯೊಳಗೆ ಒಬ್ಬೊಬ್ಬರ ಕಥೆ ಮುಳುಗಿಹೋಗುತ್ತದೆ. ಆ ಜಾಕಿಯ ಮೂರು ಲಕ್ಷ ಎಪ್ಪತ್ತು ಸಾವಿರ ಹೆಜ್ಜೆಯೂ ನಿಜ. ಆದರೆ ನಡೆದರೆ ಉಳಿದೆಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಿಂತು ನಡೆಯುವವರದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಇದಕ್ಕೆ ಹಳೆಯ ಒಂದು ಪುರಾವೆ ಇದೆ. 2004ರಲ್ಲಿ ಅಮೆರಿಕದ ವಿಜ್ಞಾನಿ ಕಿಂ ಆಂಡರ್ಸನ್ ಒಂದು ಸಮೀಕ್ಷೆ ಪ್ರಕಟಿಸಿದರು. ಅವರಿಗೂ ಬೆನ್ನುಹುರಿ ಪೆಟ್ಟಾಗಿದೆ, ಗಾಲಿಕುರ್ಚಿ ಬಳಸುತ್ತಾರೆ. ತಮ್ಮಂಥ 681 ಮಂದಿಗೆ ಕೇಳಿದರು, ಯಾವುದೊಂದು ಮರಳಿ ಬಂದರೆ ನಿಮ್ಮ ಬದುಕು ಹೆಚ್ಚು ಸುಧಾರಿಸುತ್ತದೆ? ನಾಲ್ಕೂ ಕೈಕಾಲು ಹೋದವರಲ್ಲಿ ಹೆಚ್ಚುಕಮ್ಮಿ ಅರ್ಧ ಮಂದಿ ಮೊದಲ ಸ್ಥಾನ ಕೊಟ್ಟದ್ದು ಕೈಗೆ, ಬೆರಳಿಗೆ. ಕಾಲು ಮಾತ್ರ ಹೋದವರಲ್ಲಿ ಮೊದಲು ಬಂದದ್ದು ಲೈಂಗಿಕ ಜೀವನ. ಎರಡೂ ಗುಂಪಿನವರು ಮಲಮೂತ್ರದ ಹಿಡಿತವನ್ನು ತುಂಬಾ ಮೇಲೆ ಇಟ್ಟರು. ನಡಿಗೆ ಪಟ್ಟಿಯಲ್ಲಿ ಇತ್ತು. ಆದರೆ ತಲೆಯ ಮೇಲೆ ಕೂತಿರಲಿಲ್ಲ.

ಹೇಳಿಕೊಳ್ಳಲು ಯಾವುದು ಸುಲಭ? ಟಿವಿಯಲ್ಲಿ ಯಾವುದನ್ನು ತೋರಿಸಬಹುದು? ಗಾಲಿಕುರ್ಚಿಯಿಂದ ಎದ್ದು ನಡೆದರೆ ಸಭೆ ಚಪ್ಪಾಳೆ ತಟ್ಟುತ್ತದೆ. ಒಬ್ಬರು ತಮ್ಮ ಶರ್ಟಿನ ಗುಂಡಿ ತಾವೇ ಹಾಕಿಕೊಂಡರೆ, ರಾತ್ರಿ ಹಾಸಿಗೆ ಒದ್ದೆಯಾಗದೆ ಮಲಗಿದರೆ ಯಾರೂ ಕ್ಯಾಮೆರಾ ತರುವುದಿಲ್ಲ. ಹಣ ಹೂಡುವವರೂ ಸಭೆಯಲ್ಲಿ ಕೂತವರೇ ತಾನೆ?

ನಮ್ಮಲ್ಲಿ ಏನಾಗಿದೆ ಎಂದು ಕೇಳಬಹುದು. 2019ರಲ್ಲಿ ಐಐಟಿ ಮದ್ರಾಸಿನ ಸುಜಾತಾ ಶ್ರೀನಿವಾಸನ್ ಅವರ ತಂಡ ಅರೈಸ್ ಎಂಬ ಗಾಲಿಕುರ್ಚಿ ತಂದಿತು. ಕೂತವರು ತಮ್ಮ ಕೈಯಿಂದಲೇ ಅದನ್ನು ನಿಲ್ಲುವ ಸ್ಥಿತಿಗೆ ತಂದುಕೊಳ್ಳಬಹುದು. ಮೋಟಾರಿಲ್ಲ, ಬ್ಯಾಟರಿ ಇಲ್ಲ, ಆಗಿನ ಬೆಲೆ ಸುಮಾರು 15,000 ರೂಪಾಯಿ. ಅದೇ ತಂಡ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಸಂಸ್ಥೆಯ ಜೊತೆ ಸೇರಿ 2022ರಲ್ಲಿ ಮಂಡಿಯ ಮೇಲೆ ಕಾಲು ಕಳೆದುಕೊಂಡವರಿಗೆ ಕದಂ ಎಂಬ ಕೃತಕ ಮಂಡಿ ತಂದಿತು. ಅದರಲ್ಲೂ ಬ್ಯಾಟರಿ ಇಲ್ಲ. ಇವು ರೊಬೊಟ್ ಅಲ್ಲ ನಿಜ. ರೀವಾಕ್‌ನಂತೆ ಸುದ್ದಿಯೂ ಆಗಲಿಲ್ಲ. ಕೆಟ್ಟರೆ ಊರಿನ ಯಾರಾದರೂ ಸ್ಪ್ಯಾನರ್ ಹಿಡಿದು ನೋಡಬಹುದು ಅನ್ನುವುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ಎರಡನೆಯ ಯಂತ್ರ

ರೀವಾಕ್ ಒಂದು ದಾರಿಗೆ ಹತ್ತಿದ ಮೇಲೆ ಗೋಫರ್ ಅಲ್ಲಿಂದ ಹಿಂದೆ ಸರಿದು ಅಪ್‌ಎನ್‌ರೈಡ್ ಎಂಬ ಇನ್ನೊಂದು ಕಂಪನಿ ಕಟ್ಟಿದರು. ಈ ಸಲ ಲೆಕ್ಕ ತಿರುಗುಮುರುಗು. ಊರುಗೋಲು ಬೇಡ. ಕೈಯ ಬಲ ಬೇಡ. ಕಾಲು ಹೆಜ್ಜೆ ಇಡುವುದೇ ಬೇಡ. ತೋಲ ಕಾಯುವ ಕೆಲಸ ಪೂರ್ತಿ ಯಂತ್ರದ್ದು.

ಅದು ಮೋಟಾರು ಗಾಡಿ. ಎದೆ, ಮಂಡಿ, ಸೊಂಟಕ್ಕೆ ಪಟ್ಟಿ ಬಿಗಿದು, ಕೂತವರನ್ನು ಹಾಗೇ ಮೇಲೆತ್ತಿ ನಿಲ್ಲಿಸುತ್ತದೆ. ನಿಂತುಕೊಂಡೇ ಬೀದಿಯಲ್ಲಿ ಓಡಾಡಬಹುದು. ನಿಲ್ಲಿಸುವ ಗಾಲಿಕುರ್ಚಿಗಳು ಮೊದಲೂ ಇದ್ದವು, ಆದರೆ ಅವು ಸಮತಟ್ಟಾದ ನೆಲಕ್ಕೆ ಸರಿ. ಇಳಿಜಾರಿಗೆ ಬಂದರೆ ನಿಂತವರು ಗಾಡಿ ಸಮೇತ ಮಗುಚುವ ಭಯ. ಇದರಲ್ಲಿ ನೆಲ ಎಷ್ಟು ಓರೆಯಾಗಿದೆ ಎಂದು ಸೆನ್ಸರ್ ನೋಡುತ್ತಾ, ನೆಲ ವಾಲಿದರೂ ನಿಂತವರು ವಾಲದಂತೆ ಮೇಲಿನ ಭಾಗವನ್ನು ಸರಿಮಾಡುತ್ತಾ ಇರುತ್ತದೆ. ಎಡಗಡೆ ರಸ್ತೆ ತಗ್ಗಾದರೆ ಗಾಡಿ ಎಡಕ್ಕೆ ವಾಲುತ್ತದೆ, ಮನುಷ್ಯ ನೆಟ್ಟಗೇ ಇರುತ್ತಾರೆ.

2015ರಲ್ಲಿ ಗೋಫರ್ ಅದರಲ್ಲಿ ನಿಂತು ಹೊರಗೆ ಓಡಾಡಿದರು. ಅಪಘಾತವಾಗಿ 18 ವರ್ಷವಾಗಿತ್ತು. ಗಾಲಿಕುರ್ಚಿ ಬಿಟ್ಟು ಬೇರೆ ದಾರಿ ಯಾಕಿಲ್ಲ ಎಂದು ಕೇಳಿ ಹೊರಟವರು ಕೊನೆಗೆ ಎದ್ದು ನಿಂತದ್ದು ಗಾಲಿಕುರ್ಚಿಯಲ್ಲೇ. ಅದಕ್ಕೂ ಬ್ಯಾಟರಿ ಇದೆ, ವೈರ್ ಇದೆ.